ಕ್ಯಾಂಟೊನೀಸ್‌ನ ‘ಫಾ’: ಚೆಲುವೆಯನ್ನು ಹೂವೆಂದು ಕರೆಯುವ ಬಗೆ

ದಕ್ಷಿಣ ಚೀನಾದ ಹಾಂಗ್‌ಕಾಂಗ್, ಗ್ವಾಂಗ್‌ಡಾಂಗ್ ಕಡೆಯ ಕ್ಯಾಂಟೊನೀಸ್ ಭಾಷೆಯಲ್ಲಿ ಹೂವಿಗೆ ‘ಫಾ’ ಎನ್ನುತ್ತಾರೆ. ಚೆಲುವೆಯನ್ನು ಹೊಗಳುವುದಕ್ಕೂ ಇದೇ ಪದ. ಆದರೆ ಅದನ್ನು ಒಂಟಿಯಾಗಿ ಬಳಸಿದಿರೋ, ಕೆಟ್ಟಿತು.

ಮೊದಲು ಉಚ್ಚಾರ. ಇದು ‘ಫಲ’ದ ಫ ಅಲ್ಲ, ‘ಫೋನ್’ ಅನ್ನುವಾಗಿನ ಫ. ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಈ ಭಾಷೆಯ ಆರು ಸ್ವರಮಟ್ಟಗಳಲ್ಲಿ ಫಾ ಒಂದನೆಯದು, ಎತ್ತರದ್ದು. ತಾರಸ್ಥಾಯಿಯ ಷಡ್ಜ ಹಿಡಿದ ಹಾಗೆ ಅಲುಗದೆ ನಿಲ್ಲಿಸಿ. ಮಾಮೂಲಿ ಮಾತಿನ ಎತ್ತರದಲ್ಲಿ ಅಂದರೆ ಅದು ಮೂರನೆಯ ಮಟ್ಟಕ್ಕೆ ಇಳಿಯುತ್ತದೆ. ಆಗ ಅದು ಹೂವಲ್ಲ, ‘ಬದಲಾಗು’.

ಇನ್ನು ಜೋಡಣೆ. ಯಾವ ಬಳಗದ ಚೆಲುವೆಯೋ ಆ ಬಳಗದ ಪದ ಮುಂದೆ ಬರಬೇಕು. ‘ಹಾವ್’ ಅಂದರೆ ಶಾಲೆ, ಏರಿಳಿತವಿಲ್ಲದ ಕೆಳಗಿನ ದನಿಯಲ್ಲಿ. ‘ಹಾವ್ ಫಾ’ ಅಂದರೆ ಶಾಲೆ-ಕಾಲೇಜಿಗೇ ಸುಂದರಿ. ಕೆಳಗೆ ಶುರುಮಾಡಿ ಒಮ್ಮೆಲೇ ಮೇಲಕ್ಕೆ ಹಾರಿ. ವಾಕ್ಯದಲ್ಲಿ: ‘ಖೊಯ್ ಹೈ ಙೊ ತೆಯ್ ಹಾವ್ ಫಾ’, ಅವಳು ನಮ್ಮ ಶಾಲೆಯ ಹೂವು. ‘ಙೊ’ ಬದಲು ಬರೀ ‘ಒ’ ಅನ್ನುವವರೂ ಬೇಕಾದಷ್ಟು ಮಂದಿ, ಗಾಬರಿ ಬೇಡ. ಹುಡುಗರಿಗೆ ‘ಹಾವ್ ಛೊ’, ಶಾಲೆಯ ಹುಲ್ಲು! ಚೆಲುವೆ ಪೊಲೀಸಮ್ಮ ‘ಕಿಂಗ್ ಫಾ’. ‘ಕಾವ್ ಚೈ ಫಾ’ ಮಾತ್ರ ಯಾರ ಮೇಲೂ ಪ್ರಯೋಗಿಸಬೇಡಿ. ದೊಡ್ಡವರ ಕೂಟಗಳಲ್ಲಿ ಓಡಾಡುವವಳು ಎಂಬ ಅರ್ಥಕ್ಕೆ ನಡತೆಯ ಮೇಲಿನ ಕೊಂಕೂ ಅಂಟಿಕೊಂಡಿದೆ.

ಎಡವುವುದು ಹೆಚ್ಚಾಗಿ ಎರಡು ಕಡೆ. ಫಾ ಗುಣವಾಚಕವಾದರೆ ಗೀಚು ಬಿದ್ದದ್ದು, ಕಲಸಿಹೋದದ್ದು ಎಂದರ್ಥ. ‘ನಿನ್ನ ಮುಖ ಫಾ’ ಅಂದರೆ ಹುಡುಗಿ ನಾಚುವುದಿಲ್ಲ, ಕಾಡಿಗೆ ಹರಡಿದೆಯೇನೋ ಎಂದು ಕನ್ನಡಿ ಹುಡುಕುತ್ತಾಳೆ. ಇನ್ನೊಂದು ‘ಯೂ ಫಾ’. ಅಕ್ಷರಶಃ ‘ಹೂವಿನಂಥವಳು’. ಆದರೆ ಹಾಂಗ್‌ಕಾಂಗ್‌ನ ಹಾಸ್ಯಚಿತ್ರಗಳಲ್ಲಿ ಹೆಣ್ಣುವೇಷದ ಗಂಡಸಿನ ಪಾತ್ರಕ್ಕೆ ಈ ಹೆಸರಿಟ್ಟ ಮೇಲೆ ಅದು ಕುರೂಪಿಯನ್ನು ಗೇಲಿ ಮಾಡುವ ಮಾತಾಗಿದೆ. ನಿಘಂಟು ನೋಡಿ ಕಲಿತವರು ಸಿಕ್ಕಿಬೀಳುವುದು ಇಲ್ಲೇ.

ನೇರವಾಗಿ ಹೊಗಳಬೇಕಿದ್ದರೆ ಹೂವಿನ ಗೊಡವೆಯೇ ಬೇಡ, ‘ಹೊ ಲೆಂಗ್’ ಅನ್ನಿ: ತುಂಬಾ ಚೆಂದ. ಕೊನೆಯ ‘ಗ್’ ಅನ್ನು ಗಂಟಲಲ್ಲೇ ನುಂಗಿ, ‘ಲೆಂಗ್’ನ ಮಟ್ಟ ಮಧ್ಯದಲ್ಲಿರಲಿ. ‘ಲೆಂಗ್ ನೊಯ್’ ಅಂದರೆ ಸುಂದರಿ. ಮಾರುಕಟ್ಟೆಯಲ್ಲಿ ತರಕಾರಿಯವನು ಹಾಗೆ ಕೂಗಿದರೆ ಉಬ್ಬಬೇಡಿ. ಗಿರಾಕಿ ಹೆಂಗಸರನ್ನೆಲ್ಲ ಆತ ಕರೆಯುವುದೇ ಹಾಗೆ.