ಮೊದಲು ವಚನ, ಆಮೇಲೆ ಪೇಪರ್: ನನ್ನ ಅನುಭವ

"ಕೂಲಿಯವರ ಮುಂದೆ ವಚನ ಓದಿದ್ರೆ ಪೇಪರ್ ಅರ್ಥ ಆಗತ್ತಾ?" ಎಂದು ನಕ್ಕವರೇ ಜಾಸ್ತಿ. ಸಿಂಧನೂರಿನಲ್ಲಿ ಸಂಜೆ ಜನ ಸೇರಿಸಿ ಮೊದಲು ಒಂದು ವಚನ, ಆಮೇಲೆ ಅದಕ್ಕೆ ಹೊಂದುವ ಪೇಪರ್ ಸುದ್ದಿ ಓದಿ ಮಾತಾಡುತ್ತೇವೆ. ಈಗ ಈ ಓದಿಗೆ ಮೂವತ್ತರ ಹತ್ತಿರ ಜನ ಬರುತ್ತಾರೆ. ನಕ್ಕವರಲ್ಲಿ ಇಬ್ಬರು ಮೂಲೆಯಲ್ಲಿ ಕೂತಿರುತ್ತಾರೆ.

ಮೊದಲು ಭಾಷಣಕಾರರನ್ನು ಕರೆಸುತ್ತಿದ್ದೆ. ಬಸ್ ಚಾರ್ಜು, ಶಾಲು, ಹಾರ, ಊಟ ಅಂತ ಸಂಜೆಯೊಂದಕ್ಕೆ ಮೂರು ಸಾವಿರದ ಆಸುಪಾಸು ಖರ್ಚಾಗುತ್ತಿತ್ತು. ಜನ ಆಕಳಿಸಿ ಎದ್ದುಹೋಗುತ್ತಿದ್ದರು. ಆಮೇಲೆ ಪೇಪರ್ ಓದಿ, ಅದಕ್ಕೆ ಹೊಂದುವ ಕವಿತೆ ಓದಿದೆ. ಅದೂ ಕೆಟ್ಟಿತು. ಸುದ್ದಿ ಕಿವಿಗೆ ಬಿದ್ದ ಕೂಡಲೇ ಪಕ್ಷದ ಜಗಳ. ಕವಿತೆ ಕೇಳೋರು ಯಾರು?

ಕೊನೆಗೆ ತಿರುವುಮುರುವು ಮಾಡಿದೆ. ವಚನ ಮುಗಿಯುವವರೆಗೆ ಪೇಪರ್ ಮಡಚಿಯೇ ಇರಬೇಕು.

2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬರತೊಡಗಿತಲ್ಲ, ಆಗ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನ ವಚನ ತೆಗೆದೆ. ನಮ್ಮ ಲಿಂಗಸುಗೂರು ಕಡೆಯ ಅಮರೇಶ್ವರದವಳು. ಗಂಡ ಮಾರಯ್ಯ ದಿನಾ ತರುವುದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ "ಈಸಕ್ಕಿಯಾಸೆ ನಿಮಗೇಕೆ?" ಎಂದು ವಾಪಸ್ ಕಳಿಸಿದವಳು. ಅಷ್ಟು ಓದಿ ಸುಮ್ನೆ ಕೂತೆ.

ರೈಸ್‌ಮಿಲ್‌ನಲ್ಲಿ ದುಡಿಯುವ ಅಕ್ಕ ಒಬ್ಬರು ಬಾಯಿ ಬಿಟ್ಟರು: "ಆಕಿಗೆ ಒಂದ ದಿನದ ಅಕ್ಕಿ ಗ್ಯಾರಂಟಿ ಇತ್ತರೀ ಸರ, ಅದಕ್ಕ ಬ್ಯಾಡ ಅಂದ್ಳು." ಎದುರಿನ ಹಮಾಲಣ್ಣ, "ಅಕ್ಕಿ ಆದ್ರ ಗಡಿಗ್ಯಾಗ ಕಾಣ್ತದ. ರೊಕ್ಕ ಬಂದದ್ದೂ ಕಾಣಂಗಿಲ್ಲ, ಹೋಗಿದ್ದೂ ಕಾಣಂಗಿಲ್ಲ" ಎಂದ. ಜೋಳ ತಿನ್ನೋ ಸೀಮೆಗೆ ಅಕ್ಕಿ ಯಾಕೆ ಎಂದು ಇನ್ನೊಬ್ಬರು. ಪೇಪರ್ ಬಿಚ್ಚುವ ಹೊತ್ತಿಗೆ ಅರ್ಧ ಸುದ್ದಿ ಅವರೇ ಹೇಳಿ ಮುಗಿಸಿದ್ದರು. ಪಕ್ಷದ ಹೆಸರು ಒಬ್ಬರೂ ಎತ್ತಲಿಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ಆಗ ಬಸವಣ್ಣನ "ಏರಿ ನೀರುಂಬಡೆ, ಬೇಲಿ ಕೆಯ್ಯ ಮೇವಡೆ" ಓದಿದೆ; ಕೆರೆಯ ಏರಿಯೇ ನೀರು ಕುಡಿದರೆ, ಬೇಲಿಯೇ ಹೊಲ ಮೇದರೆ ಅಂತ. ಭತ್ತದ ರೈತರಿಗೆ ವಿವರಿಸುವ ಗರಜೇ ಬೀಳಲಿಲ್ಲ. ಒಬ್ಬರು ಕೇಳಿದ್ದು ಇಷ್ಟೇ: ಆ ಸರಪಳಿಗೆ ಗ್ರೀಸ್ ಹಚ್ಚೋರು ಯಾರು?

ನಡುವೆ ದಾಸರ ಪದವನ್ನೂ ಪ್ರಯತ್ನಿಸಿದೆ. ದಾಸರು ಬಾಳಿದ ಮಾನ್ವಿ ಪಕ್ಕದ ಸೀಮೆ ಅಲ್ವಾ, ಎಲ್ಲರಿಗೂ ಬಾಯಿಪಾಠ. ತಾಳ ಹಿಡಿದು ಹಾಡಿದ್ದೇ ಹಾಡಿದ್ದು, ಪೇಪರ್ ಅವತ್ತು ಬಿಚ್ಚಲೇ ಇಲ್ಲ.

ಈಗಿನ ಖರ್ಚು? ಜೆರಾಕ್ಸು ನೂರರೊಳಗೆ, ಒಗ್ಗರಣಿ-ಮಿರ್ಚಿಗೆ ಐದಾರು ನೂರು. ತಲೆಗೆ ಇಪ್ಪತ್ತು ಹಾಕಿದರೆ ಮುಗೀತು. ಭಾಷಣದ ಒಂದು ಸಂಜೆಯ ದುಡ್ಡಲ್ಲಿ ನಾಲ್ಕು ಓದು ಆಗುತ್ತದೆ. ವಚನವನ್ನು ಯಾವ ಸಾಲಿಗೆ ನಿಲ್ಲಿಸಬೇಕು, ಮೊದಲ ಮಾತು ಯಾರ ಬಾಯಿಂದ ಬರಿಸಬೇಕು ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಒಂದು ಸಂಜೆ ಬಂದು ಕೂತು ನೋಡಿ.