ಭೀಮಾ ಕಣಿವಿ ಊರುಗಳಾಗ ನಿಸರ್ಗದ ಸೇವೆ ಹೆಂಗ ಅಳದೀವಿ: ನನ್ನ ಅನುಭವ

ನಿಸರ್ಗ ಮಂದಿಗೆ ಕೊಡೋ ಉಪಯೋಗ ಅಳಿಯೋದಕ್ಕ ಇಕೋಸಿಸ್ಟಮ್ ಸರ್ವಿಸ್ ಅಸೆಸ್‌ಮೆಂಟ್ ಅಂತಾರ. ಅದರಾಗ ಭಾಳ ಮಂದಿ ಮಾಡೋದು ಇಷ್ಟ, ಸ್ಯಾಟಲೈಟ್ ಮ್ಯಾಪ್ ತಗೊಂಡು ಎಷ್ಟು ಹೆಕ್ಟೇರ್ ಹೊಲ, ಎಷ್ಟು ಕೆರಿ, ಎಷ್ಟು ಗಿಡ ಅಂತ ತೆಗೀತಾರ, ಒಂದೊಂದಕ್ಕ ಹೆಕ್ಟೇರಿಗೆ ಇಷ್ಟು ಡಾಲರ್ ಅಂತ ರೆಡಿ ಟೇಬಲ್ ಇರ್ತದ, ಗುಣಿಸಿದ್ರ ಮುಗೀತು. 1997ರಾಗ ರಾಬರ್ಟ್ ಕೋಸ್ಟಾಂಜಾ ಅನ್ನೋ ವಿಜ್ಞಾನಿ ಮತ್ತ ಅವರ ಸಂಗಡಿಗರು ಇಡೀ ಭೂಮಿಯ ನಿಸರ್ಗದ ಸೇವೆಗೆ ವರ್ಷಕ್ಕ ಸರಾಸರಿ 33 ಟ್ರಿಲಿಯನ್ ಡಾಲರ್ ಅಂತ ಲೆಕ್ಕ ಹಾಕಿದ್ರಲ್ಲ, ಅದೇ ದಾರಿ. ಜಗತ್ತಿನ ಗಮನ ಸೆಳೀಲಾಕ ಅಂಥ ನಂಬರ್ ಬೇಕಿತ್ತು ಖರೆ. ಆದ್ರ ಯಾದಗಿರಿಯೊಳಗ ಯಾವ ನಾಲಾ ಮುಚ್ಚಬಾರದು ಅಂತ ಹೇಳ್ಲಾಕ ಅದು ಕೆಲಸಕ್ಕ ಬರಲ್ಲ. ಅದಕ್ಕ ಯಾದಗಿರಿ, ಕಲಬುರಗಿ ಎರಡೂ ಊರಿಗೆ ನಾವು ರೂಪಾಯಿ ಬಿಟ್ಟು ಲೀಟರ್, ಡಿಗ್ರಿ, ಮೇವಿನ ಹೊರಿ ಇವುಗಳಾಗೇ ಅಳದೀವಿ.

ಮೊದಲ ಪ್ರಶ್ನೆ ಗಡಿದು. ನಗರಸಭೆ ಗಡಿ ಇಟ್ಕೊಂಡ್ರ ಯಾದಗಿರಿ ಲೆಕ್ಕ ಕೂಡಲ್ಲ. ಭೀಮಾ ಹುಟ್ಟೋದು ಪುಣೆ ಜಿಲ್ಲೆ ಭೀಮಾಶಂಕರದಾಗ, 2020ರ ಅಕ್ಟೋಬರ್‌ನಾಗ ಮಹಾರಾಷ್ಟ್ರದಾಗ ಮಳಿ ಜೋರಾಗಿ ಉಜನಿ ಡ್ಯಾಮಿಂದ ನೀರು ಬಿಟ್ಟಾಗ ಕಲಬುರಗಿ, ಯಾದಗಿರಿ ಜಿಲ್ಲೆ ದಂಡಿ ಊರುಗಳು ಮುಳುಗಿದ್ವು. ಇಲ್ಲಿ ಎಷ್ಟು ಗಿಡ ಹಚ್ಚಿದ್ರೂ ಆ ನೀರು ತಡೀತಿದ್ದಿಲ್ಲ. ಇನ್ನ ಕಲಬುರಗಿ ಅಂತೂ ಹೊಳಿ ದಂಡಿ ಮ್ಯಾಲೇ ಇಲ್ಲ, ಆದ್ರ ಕುಡಿಯೋ ನೀರು ಭೀಮಾ, ಬೆಣ್ಣೆತೊರಾದಿಂದ ಬರ್ತದ. ಹಂಗಾಗಿ ಹೊಳಿ ಮಹಾಪೂರ ಒಂದು ಕಡಿ, ಊರಾಗ ಬಿದ್ದ ಮಳಿ ಒಂದು ಕಡಿ ಅಂತ ಬ್ಯಾರೆ ಬ್ಯಾರೆ ಮಾಡಿದ್ವಿ. ಊರಿನ ಕೈಯಾಗ ಇರೋದು ಎರಡನೇದು ಮಾತ್ರ.

ಅದರ ಲೆಕ್ಕಕ್ಕ ಕರ್ವ್ ನಂಬರ್ ಪದ್ಧತಿ ಸಾಕಾಯ್ತು, ಅಂದ್ರ ನೆಲಕ್ಕ ಒಂದು ನಂಬರ್ ಕೊಡೋದು, ನಂಬರ್ ಹೆಚ್ಚಾದಷ್ಟು ಮಳಿ ನೀರು ಇಂಗದೆ ಹರೀತದ. ಕ್ಯೂಜಿಐಎಸ್ ಅನ್ನೋ ಪುಕ್ಕಟೆ ಮ್ಯಾಪ್ ಸಾಫ್ಟ್‌ವೇರ್‌ನಾಗೇ ಆಗ್ತದ. 100 ಮಿಲಿಮೀಟರ್ ಮಳಿ ಒಂದೇ ದಿನ ಬಿತ್ತು ಅನ್ಕೋರಿ. ಡಾಂಬರ್, ಕಾಂಕ್ರೀಟ್ ಅಂದ್ರ ನಂಬರ್ 98, ಸುಮಾರು 94 ಮಿಮೀ ಹರ್ದು ಹೋಗ್ತದ. ಕರಿ ಮಣ್ಣಿನ ಹುಲ್ಲುಗಾವಲು ಅಂದ್ರ 84, ಹರಿಯೋದು 59ರ ಆಸುಪಾಸು. ನಡುವಿನ 35 ಮಿಮೀ ಅಂದ್ರ ಒಂದು ಹೆಕ್ಟೇರಿಗೆ ಮೂರೂವರಿ ಲಕ್ಷ ಲೀಟರ್! ಅಷ್ಟು ನೀರು ಕೆಳಗಿನ ಓಣಿ ಮನಿಗೋಳಿಗೆ ನುಗ್ಗೋದು ತಪ್ತದ. ಮೀಟಿಂಗ್‌ನಾಗ ಈ ಮಾತು ಹೇಳಿದ್ರ ಎಲ್ಲಾರೂ ತಲಿ ಎತ್ತಿ ನೋಡ್ತಾರ, ಡಾಲರ್ ಹೇಳಿದ್ರ ಯಾರೂ ನೋಡಲ್ಲ.

ಆದ್ರ ಕರಿ ಮಣ್ಣಿಗೆ ವರ್ಷಪೂರ್ತಿ ಒಂದೇ ನಂಬರ್ ಹಾಕೋದು ನನಗ ಒಪ್ಪಲ್ಲ. ಜೂನ್‌ನಾಗ ನೆಲ ಕೈ ಇಳಿಯೋಷ್ಟು ಬಿರುಕು ಬಿಟ್ಟಿರ್ತದ, ಮೊದಲ ಮಳಿ ಅದರೊಳಗ ಕೊಡ ಕೊಡ ಇಳೀತದ, ಆಮ್ಯಾಲ ಮಣ್ಣು ಉಬ್ಬಿ ಬಿರುಕು ಮುಚ್ಚಿತು ಅಂದ್ರ ಆಗಸ್ಟ್, ಸೆಪ್ಟೆಂಬರ್‌ನಾಗ ಅದೇ ಹೊಲದಾಗ ನೀರು ನಿಂತು ಹರೀತದ. ಅದಕ್ಕ ಎರಡು ಸೀಸನ್‌ಗೆ ಎರಡು ಲೆಕ್ಕ. ಬೀದರ್‌ಗಂತೂ ಈ ನಂಬರ್‌ಗಳನ್ನ ಒಯ್ಯಂಗೇ ಇಲ್ಲ. ಅಲ್ಲಿ ಕೆಂಪು ಜಂಬಿಟ್ಟಿಗಿ ನೆಲ, ನೀರು ಇಂಗ್ತದ, ಅದರ ಗುಣ ತಿಳ್ಕೊಂಡೇ ಬಹಮನಿ ಕಾಲದಾಗ ನೌಬಾದ್‌ನ ಸುರಂಗ ಬಾವಿ ತೋಡ್ಯಾರ. ಮ್ಯಾಲಾಗಿ ಬೀದರ್ ನೀರು ಹೋಗೋದು ಮಾಂಜ್ರಾಕ್ಕ, ಅಂದ್ರ ಗೋದಾವರಿಗೆ, ನಮ್ಮದು ಭೀಮಾದಿಂದ ಕೃಷ್ಣಾಕ್ಕ.

ಬಿಸಿಲಿನ ಲೆಕ್ಕ ಇನ್ನೂ ಹುಷಾರಾಗಿ ಮಾಡಬೇಕು. ನೆಲದ ಬಿಸಿ ತೋರಿಸೋ ಲ್ಯಾಂಡ್‌ಸ್ಯಾಟ್ 8 ಉಪಗ್ರಹ ನಮ್ಮ ಮ್ಯಾಲ ಮುಂಜಾನಿ ಹಾದು ಹೋಗ್ತದ, ಏಪ್ರಿಲ್ ಚಿತ್ರ ತೆಗದ್ರ ಊರಿಗಿಂತ ಸುತ್ತಲಿನ ಹೊಲಗಳೇ ಕೆಂಪಗ, ಅಂದ್ರ ಹೆಚ್ಚು ಬಿಸಿ ಕಾಣ್ತಾವ. ತೊಗರಿ ರಾಶಿ ಆಗಿ ಹೊಲ ಬೋಳಾಗಿರ್ತಾವಲ್ಲ, ಕರಿ ಮಣ್ಣು ಲಗೂನ ಕಾಯ್ತದ. ಇದನ್ನ ನೋಡಿ ಊರು ತಂಪದ ಅಂತ ಬರದ್ರ ದೊಡ್ಡ ಅನ್ಯಾಯ ಆಗ್ತದ, ಯಾಕಂದ್ರ ಮಂದಿಗೆ ತ್ರಾಸ ಆಗೋದು ರಾತ್ರಿ, ಸ್ಲ್ಯಾಬ್ ಕಾದು ನಿದ್ದಿ ಬರಲ್ಲ, ಹೊಲ ಅಷ್ಟೊತ್ತಿಗೆ ಆರಿರ್ತದ. ಮೋಡಿಸ್ ಅನ್ನೋ ಇನ್ನೊಂದು ಉಪಗ್ರಹ ಉಪಕರಣದ್ದು ರಾತ್ರಿ ಡೇಟಾ ಸಿಗ್ತದ ಆದ್ರ ಒಂದೊಂದು ಚೌಕ ಒಂದು ಕಿಲೋಮೀಟರ್, ಓಣಿ ಕಾಣಂಗಿಲ್ಲ. ಅದಕ್ಕ ಥರ್ಮಾಮೀಟರ್ ಹಿಡ್ಕೊಂಡು ಕಲಬುರಗಿಯ ಅಪ್ಪನ ಕೆರಿ ದಂಡಿಗೆ, ಬೇವಿನ ಗಿಡದ ಓಣಿಗೆ, ಗಿಡ ಇಲ್ಲದ ಓಣಿಗೆ ರಾತ್ರಿ ಹತ್ತರ ಮ್ಯಾಲ ನಾವೇ ತಿರುಗಿದ್ವಿ. ಗಾಳಿಯ ಉಷ್ಣತೆ ಬ್ಯಾರೆ, ನೆಲದ್ದು ಬ್ಯಾರೆ, ಎರಡೂ ಒಂದೇ ಕಾಲಂನಾಗ ಬರೀಬ್ಯಾಡ್ರಿ.

ಮ್ಯಾಪ್‌ನಾಗ ಬೀಳು ಭೂಮಿ ಅಂತ ಬರೋದು ನನಗ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡ್ತದ. ಯಾದಗಿರಿಯೊಳಗ ಅಂಥ ಒಂದು ನಾಲಾ ದಂಡಿಗೆ ಹೋದ್ರ ಮುಂಜಾನಿ ಹೆಣ್ಮಕ್ಕಳು ಕುಡಗೋಲು ಹಿಡದು ಕರಕಿ ಕೊಯ್ಯಲಾಕ ಹತ್ತಿದ್ರು. ಅವರ ಹೊರಿ ಸ್ಪ್ರಿಂಗ್ ತಕ್ಕಡಿಗೆ ಹಾಕಿ ತೂಗಿ, ಯಾವ ತಿಂಗಳು ಸಿಗ್ತದ, ಯಾವಾಗ ಇಲ್ಲ ಅಂತ ಕೇಳಿ ಬರಕೊಂಡ್ವಿ. ಒಬ್ಬಾಕಿ ಹೇಳಿದ್ಳು, ಈ ಜಾಗಾ ಇಲ್ಲಂದ್ರ ಎಮ್ಮಿ ಮಾರೋದೇ ಅಂತ. ಡಾಲರ್ ಟೇಬಲ್‌ನಾಗ ಇದು ಕಾಣಂಗೇ ಇಲ್ಲ.

ನಿಸರ್ಗದ ಸೇವೆಗೋಳ ಬಗ್ಗೆ ವಿಶ್ವಸಂಸ್ಥೆ ಮಾಡಿಸಿದ 2005ರ ಮಿಲೇನಿಯಂ ವರದಿ ನಾಲ್ಕು ವಿಂಗಡಣೆ ಕೊಟ್ಟದ: ಪೂರೈಕೆ, ನಿಯಂತ್ರಣ, ಸಾಂಸ್ಕೃತಿಕ, ಆಧಾರ. ಕಡೀದನ್ನ ಕೂಡಿಸಿಲ್ಲ, ಅದು ಉಳಿದ ಮೂರರೊಳಗೇ ಬರ್ತದ, ಎರಡು ಸಲ ಎಣಿಸಿದಂಗ ಆಗ್ತದ. ಸಾಂಸ್ಕೃತಿಕದ್ದಕ್ಕ ನಂಬರ್ ಹಾಕ್ಲಿಲ್ಲ. ಎಳ್ಳ ಅಮಾಸಿ ದಿನ ಸಜ್ಜಿ ರೊಟ್ಟಿ, ಭಜ್ಜಿ ಕಟ್ಕೊಂಡು ಚರಗ ಚೆಲ್ಲಲಾಕ ಯಾವ ಯಾವ ಹೊಲಕ್ಕ ಮಂದಿ ಹೋಗ್ತಾರ, ಗಾಣಗಾಪುರ ಸಂಗಮದಾಗ ಎಲ್ಲಿ ಸ್ನಾನಕ್ಕ ಇಳೀತಾರ ಅಂತ ಮ್ಯಾಪ್ ಮ್ಯಾಲ ಗುರುತು ಹಾಕಿದ್ವಿ, ಅಷ್ಟ.

ನೀವೂ ಶುರು ಮಾಡೋರಿದ್ರ ಹಸಿರು ನೋಡ್ಲಾಕ ಸೆಂಟಿನೆಲ್ 2 ಉಪಗ್ರಹದ ಚಿತ್ರ ತಗೋರಿ, 10 ಮೀಟರ್ ತನಕ ಕಾಣ್ತದ, ಪುಕ್ಕಟೆ ಅದ. ನವೆಂಬರ್‌ದು ಒಂದು, ಏಪ್ರಿಲ್‌ದು ಒಂದು, ಎರಡೂ ಬೇಕು. ನವೆಂಬರ್‌ನಾಗ ತೊಗರಿನೂ ಹಸಿರು, ಗಿಡನೂ ಹಸಿರು. ಏಪ್ರಿಲ್‌ನಾಗ ಉಳಿಯೋ ಹಸಿರು ಮೊದಲು ಕಾಯಬೇಕಾದದ್ದು.