ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಎಡಿಟಿಂಗ್ ರೂಮ್ ಕಟ್ಟಿದ್ದು: ನನ್ನ ಅನುಭವ

ಮೂರು ಲಕ್ಷದ ಒಳಗೆ ಉಡುಪಿಯ ನಮ್ಮ ಎಡಿಟಿಂಗ್ ರೂಮನ್ನು ಪೂರ್ತಿ ಬದಲಾಯಿಸುತ್ತೇನೆ ಅಂದಾಗ ಫೀಲ್ಡಿನ ಗೆಳೆಯರು ಒಬ್ಬರೂ ನಂಬಲಿಲ್ಲ. 'ಎಂತ ಮಾರಾಯ್ರೆ, ಅಷ್ಟರಲ್ಲಿ ಒಳ್ಳೆ ಗ್ರಾಫಿಕ್ಸ್ ಕಾರ್ಡೇ ಬರುವುದಿಲ್ಲ' ಅಂದರು. ಅಂಗಡಿಯೊಂದರಲ್ಲಿ ಕೊಟ್ಟ ಕೊಟೇಶನ್ ಆರು ಲಕ್ಷ ದಾಟಿತ್ತು. ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಕಾರ್ಡಿಗೇ ಹೋಗಿತ್ತು. ನಾನು ಆ ದಾರಿ ಹಿಡಿಯಲಿಲ್ಲ. ಈಗ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಯಕ್ಷಗಾನದ ತಿರುಗಾಟ ಮುಗಿಯುವ ದಿನ, ಕಳೆದು ಮೇಳಗಳು ಗೆಜ್ಜೆ ಬಿಚ್ಚಿವೆ. ನಮ್ಮಲ್ಲಿ ಒಂದು ಆಟದ (ಯಕ್ಷಗಾನ ಪ್ರದರ್ಶನಕ್ಕೆ ನಮ್ಮ ಕಡೆ ಆಟ ಅನ್ನುತ್ತಾರೆ) ಫುಟೇಜೂ ಬಾಕಿ ಇಲ್ಲ. ಮದುವೆ ಸೀಸನ್ ಜೊತೆಗೇ ಇತ್ತು, ಅದೂ ಮುಗಿದಿದೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲ ಲೆಕ್ಕವೂ ಅಲ್ಲಿಂದಲೇ ಶುರು. ಹರಕೆ ಆಟ, ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ, ಮದುವೆ, ಮೆಹಂದಿ. ರಾತ್ರಿಯಿಡೀ ನಡೆಯುವ ಆಟಕ್ಕೆ ಮೂರು ಕ್ಯಾಮೆರಾ. ನಡುವಿನ ವೈಡ್ ಕ್ಯಾಮೆರಾ ಸಾಮಾನ್ಯ 8 ಬಿಟ್‌ನಲ್ಲಿ ಓಡುತ್ತದೆ. ಬದಿಯ ಎರಡು ಸೋನಿ ಎ7 ಫೋರ್‌ಗಳು ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲಿ, ಅಂದರೆ ಎಚ್.265 ಅನ್ನುವ ಕುಗ್ಗಿಸಿದ ವಿಡಿಯೊ ಫೈಲ್, 4:2:2 10 ಬಿಟ್ (ಬಣ್ಣದ ವಿವರ ಹೆಚ್ಚು ಉಳಿಯುವ ರೀತಿ), 50 ಫ್ರೇಮ್, 200 ಎಂಬಿಪಿಎಸ್. ಗಂಟೆಗೆ 90 ಜಿಬಿ. ವೈಡ್ ಕ್ಯಾಮೆರಾದ್ದು ಗಂಟೆಗೆ 45. ಎಂಟು ಗಂಟೆಯ ಆಟ ಅಂದರೆ ಹತ್ತಿರಹತ್ತಿರ ಎರಡು ಟಿಬಿ.

4:2:2 ಯಾಕೆ ಬೇಕು ಅಂತ ಕೇಳುವವರು ಬಣ್ಣದ ವೇಷವನ್ನು (ಮುಖಕ್ಕೆ ದಟ್ಟ ಬಣ್ಣ ಬರೆದ ರಾಕ್ಷಸ ಪಾತ್ರ) ಒಮ್ಮೆ ಕ್ಲೋಸಪ್‌ನಲ್ಲಿ ಹಿಡಿದು ನೋಡಬೇಕು. ಕೆಂಪು ಎಲ್ಇಡಿ ಬೆಳಕು, ಕೆಂಪು ಬಟ್ಟೆ, ಕಿರೀಟದ ತುಂಬ ಕನ್ನಡಿ ಚೂರು. ವೇಷ ಗಿರಕಿ ಹೊಡೆದಾಗ ಬಣ್ಣದ ವಿವರ ಕಡಿಮೆ ಇರುವ 4:2:0ನಲ್ಲಿ ಕೆಂಪಿನ ಅಂಚು ಒಡೆದುಹೋಗುತ್ತದೆ. ಗಲ್ಲದ ಕೆಂಪು ಗೆರೆ ಪಕ್ಕದ ಬಿಳಿಗೆ ಕಲೆಸಿದ ಹಾಗೆ ಕಾಣುತ್ತದೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಗಂಟೆಗಟ್ಟಲೆ ಕೂತು ಬರೆದ ಮುಖ ಅದು. ನಮ್ಮ ಕೈಯಲ್ಲಿ ಹಾಳಾಗಬಾರದು.

ತೊಂದರೆ ಇದ್ದದ್ದು ಇಲ್ಲೇ. 4:2:2 10 ಬಿಟ್ ಎಚ್.265 ಫೈಲನ್ನು ಬಿಚ್ಚುವ ಹಾರ್ಡ್‌ವೇರ್ ಎನ್ವಿಡಿಯಾದ 30 ಸರಣಿಯಲ್ಲೂ ಇಲ್ಲ, 40 ಸರಣಿಯಲ್ಲೂ ಇಲ್ಲ. ಲಕ್ಷ ರೂಪಾಯಿಯ ಕಾರ್ಡ್ ಹಾಕಿದರೂ ಆ ಕೆಲಸ ಪ್ರೊಸೆಸರ್ ತಲೆಗೇ ಬೀಳುತ್ತದೆ. ಆದರೆ ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಇದನ್ನು ಮಾಡುತ್ತದೆ, ಕ್ವಿಕ್ ಸಿಂಕ್ ಅಂತ. ನಮ್ಮ ಹಳೆಯ 8ನೇ ತಲೆಮಾರಿನ ಐ7ಗೆ ಅದು ಬರುತ್ತಿರಲಿಲ್ಲ. ಮೂರು ಕ್ಯಾಮೆರಾದ ಮಲ್ಟಿಕ್ಯಾಮ್ ಹಾಕಿದರೆ ಸೆಕೆಂಡಿಗೆ ಏಳೆಂಟು ಫ್ರೇಮ್. ಪ್ರಾಕ್ಸಿ, ಅಂದರೆ ಎಡಿಟ್ ಮಾಡಲು ಹಗುರವಾದ ನಕಲು ಫೈಲ್, ಮಾಡಿ ಅನ್ನುತ್ತಾರೆ. ಒಂದು ಮದುವೆಗೆ ಸರಿ. ಒಂದು ಆಟದ ಎಲ್ಲ ಕ್ಲಿಪ್ಪಿಗೂ ಪ್ರಾಕ್ಸಿ ಮಾಡಲು ಹಳೆ ಯಂತ್ರಕ್ಕೆ ಒಂದು ಹಗಲು, ಒಂದು ರಾತ್ರಿ ಸಾಲುತ್ತಿರಲಿಲ್ಲ. ಅಷ್ಟರಲ್ಲಿ ಮುಂದಿನ ಆಟದ ಮೆಮೊರಿ ಕಾರ್ಡ್ ಬಂದು ಕೂತಿರುತ್ತಿತ್ತು.

ಹಾಗಾಗಿ ತಗೊಂಡದ್ದು ಐ7 12700. ಕೊನೆಗೆ 'ಎಫ್' ಅಕ್ಷರ ಇರುವುದನ್ನು ಮಾತ್ರ ತಗೋಬೇಡಿ, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಅಂಗಡಿಯವರು ಮೊದಲು ಕೊಡಲು ಬಂದದ್ದು ಎಫ್ ಮಾಡೆಲನ್ನೇ. 'ಹೇಗೂ ಕಾರ್ಡ್ ಹಾಕ್ತೀರಲ್ಲ, ಎರಡು ಸಾವಿರ ಉಳೀತದೆ' ಅಂದರು. ಆ ಎರಡು ಸಾವಿರ ಉಳಿಸಿದ್ದರೆ ಇಡೀ ಪ್ಲಾನೇ ಹೋಗುತ್ತಿತ್ತು. ಬಜೆಟ್ ಇನ್ನೂ ಕಡಿಮೆ ಇದ್ದರೆ ಐ5 12500 ನೋಡಿ, 12400 ಬೇಡ. 12500ರಿಂದ ಮೇಲೆ ಬರುವ ಯುಎಚ್‌ಡಿ 770 ಅನ್ನುವ ಒಳಗಿನ ಗ್ರಾಫಿಕ್ಸ್‌ನಲ್ಲಿ ವಿಡಿಯೊ ಬಿಚ್ಚುವ ಕೋಡೆಕ್ ಎಂಜಿನ್ ಎರಡಿವೆ, 12400ರಲ್ಲಿ ಒಂದೇ. ಮಲ್ಟಿಕ್ಯಾಮ್‌ಗೆ ಕೂತಾಗ ಅದರ ಬೆಲೆ ಗೊತ್ತಾಗುತ್ತದೆ.

ಬೋರ್ಡ್, ಪ್ರೊಸೆಸರ್, 64 ಜಿಬಿ ಡಿಡಿಆರ್4 ರಾಮ್ ಸೇರಿ ಅರವತ್ತೈದು ಸಾವಿರದ ಹತ್ತಿರ ಆಯಿತು. ಡಿಡಿಆರ್5 ಬೇಕು ಅಂತ ನನಗೆ ಅನ್ನಿಸಲಿಲ್ಲ. ಗ್ರಾಫಿಕ್ಸ್‌ಗೆ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060, 12 ಜಿಬಿಯದ್ದು, ಹದಿನೆಂಟೋ ಹತ್ತೊಂಬತ್ತೋ ಸಾವಿರ. ಎಲ್ಲರೂ ನಕ್ಕದ್ದು ಇದಕ್ಕೇ. ರಾತ್ರಿ ಫುಟೇಜಿಗೆ ಟೆಂಪೊರಲ್ ನಾಯ್ಸ್ ರಿಡಕ್ಷನ್ (ಅಕ್ಕಪಕ್ಕದ ಫ್ರೇಮ್ ಹೋಲಿಸಿ ಚಿತ್ರದ ಕಾಳುಕಾಳು ತೆಗೆಯುವುದು) ಹಾಕುವವರಿಗೆ ಕಾರ್ಡಿನ ವೇಗಕ್ಕಿಂತ ಕಾರ್ಡಿನ ಮೆಮೊರಿ ಮುಖ್ಯ. ಗೆಳೆಯರೊಬ್ಬರ 3070ರಲ್ಲಿ 8 ಜಿಬಿ ಇದೆ. ನನ್ನ ಟೈಮ್‌ಲೈನನ್ನು ಅಲ್ಲಿ ತೆರೆದು 4ಕೆಯಲ್ಲಿ ಐದು ಫ್ರೇಮ್‌ನ ನಾಯ್ಸ್ ರಿಡಕ್ಷನ್ ಕೊಟ್ಟರೆ 'ಜಿಪಿಯು ಮೆಮೊರಿ ಫುಲ್' ಅಂತ ನಿಂತುಬಿಟ್ಟಿತು. 3060 ನಿಧಾನವಾಗಿ ಆದರೂ ಮುಗಿಸಿತು. ನಿಧಾನ ಅಂದರೆ ನಿಧಾನವೇ, ಸೆಕೆಂಡಿಗೆ ಹತ್ತು ಫ್ರೇಮ್ ಬಂದರೆ ಹೆಚ್ಚು. ಇಡೀ ಆಟಕ್ಕೆ ಅದನ್ನು ಹಾಕುವುದಿಲ್ಲ, ಹೈಲೈಟ್ಸ್‌ಗೆ ಮಾತ್ರ.

ಕಾರ್ಡ್ ಹಾಕಿದ ಮೇಲೆ ಬಯೋಸ್‌ಗೆ ಹೋಗಿ ಒಳಗಿನ ಗ್ರಾಫಿಕ್ಸನ್ನು ಆನ್ ಇಡಬೇಕು. ಬಹಳ ಬೋರ್ಡ್‌ಗಳಲ್ಲಿ ಹೊರಗಿನ ಕಾರ್ಡ್ ಕಂಡ ಕೂಡಲೇ ಅದು ತಾನಾಗಿ ಆಫ್ ಆಗುತ್ತದೆ. ಆಮೇಲೆ ನಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಪ್ರಿಫರೆನ್ಸಸ್‌ನಲ್ಲಿ ಡಿಕೋಡ್ ಆಪ್ಷನ್ಸ್ ತೆರೆದು ಕ್ವಿಕ್ ಸಿಂಕ್‌ಗೆ ಟಿಕ್ ಹಾಕಿ, ಎನ್ವಿಡಿಯಾ ಟಿಕ್ ತೆಗೆಯಿರಿ. ಇಷ್ಟು ಮಾಡಿ ಮೂರು ಕ್ಯಾಮೆರಾ ಒಟ್ಟಿಗೆ ಹಾಕಿ ಸ್ಪೇಸ್‌ಬಾರ್ ಒತ್ತಿದೆ. ಎಣ್ಣೆ ಹಾಕಿದ ಗಾಣದ ಹಾಗೆ ಓಡಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಇಂಟೆಲ್‌ನ ವಿಡಿಯೊ ಡಿಕೋಡ್ ಗೆರೆ ಮೇಲೆ ಹೋಗಿ ನಿಂತಿತ್ತು, ಪ್ರೊಸೆಸರ್ ಕಾಲುಭಾಗವೂ ತುಂಬಿರಲಿಲ್ಲ. ಪ್ರಾಕ್ಸಿ ಒಂದೂ ಇಲ್ಲ.

ಒಂದು ಎಚ್ಚರಿಕೆ. ಅದೇ ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಸ್ ಇಟ್ಟು 4:2:2 10 ಬಿಟ್ ಶೂಟ್ ಮಾಡಿದರೆ ಅದು ಎಚ್.264. ಅದಕ್ಕೆ ಈ ಕ್ವಿಕ್ ಸಿಂಕ್ ಸಹಾಯ ಮಾಡುವುದಿಲ್ಲ. ಬಾಡಿಗೆಗೆ ಕರೆದ ಕ್ಯಾಮೆರಾಮನ್‌ಗೆ ಇದನ್ನು ಮೊದಲೇ ಹೇಳಿ ಇಡಬೇಕು. ನಮ್ಮಲ್ಲಿ ಬಳಸುವ ಪಾಲ್ ಸೆಟ್ಟಿಂಗ್‌ನಲ್ಲಿ ಎಚ್‌ಎಸ್‌ಗೆ 25 ಫ್ರೇಮ್ ಸಿಗುವುದಿಲ್ಲ, 50ರಲ್ಲೇ ಹಿಡಿಯಬೇಕು. ಕೆಲವರು 24 ಬೇಕು ಅಂತ ಅಮೆರಿಕದ ಪದ್ಧತಿಯ ಎನ್‌ಟಿಎಸ್‌ಸಿಗೆ ಹಾಕುತ್ತಾರೆ. ನಮ್ಮ ಕರೆಂಟ್ 50 ಹರ್ಟ್ಸ್, ಶಟರ್ ಸರಿಯಾಗಿ ಹೊಂದಿಸದಿದ್ದರೆ ಟ್ಯೂಬ್‌ಲೈಟ್ ಹಾಲ್‌ಗಳಲ್ಲಿ ಫ್ಲಿಕರ್ ಗ್ಯಾರಂಟಿ.

ಸಾಫ್ಟ್‌ವೇರ್ ವಿಷಯದಲ್ಲಿ ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟುವುದು ಮಳೆಗಾಲದ ನಾಲ್ಕು ತಿಂಗಳು ಕೆಲಸ ಇಲ್ಲದಾಗ ಭಾರ. ಡಾವಿಂಚಿ ರಿಸಾಲ್ವ್ ಸ್ಟುಡಿಯೊ ಒಮ್ಮೆ ಕೊಂಡರೆ ಮುಗಿಯಿತು. ಕಂಪನಿಯ ಬೆಲೆ 295 ಡಾಲರ್, ಇಲ್ಲಿ ಕೈಸೇರುವಾಗ ಮೂವತ್ತು ಸಾವಿರದ ಆಸುಪಾಸು. ಒಂದು ಕೀ ಎರಡು ಯಂತ್ರಕ್ಕೆ ಆಗುತ್ತದೆ. ಸುಮ್ನೆ ಫ್ರೀ ವರ್ಷನ್‌ನಲ್ಲಿ ಟೆಸ್ಟ್ ಮಾಡಿ 'ಕ್ವಿಕ್ ಸಿಂಕ್ ಕೆಲಸ ಮಾಡ್ತಿಲ್ಲ' ಅಂತ ನಿರ್ಧಾರಕ್ಕೆ ಬರಬೇಡಿ. ವಿಂಡೋಸ್‌ನ ಫ್ರೀ ವರ್ಷನ್‌ನಲ್ಲಿ ಈ ಫೈಲಿಗೆ ಹಾರ್ಡ್‌ವೇರ್ ಡಿಕೋಡ್ ಇಲ್ಲ, ಟೆಂಪೊರಲ್ ನಾಯ್ಸ್ ರಿಡಕ್ಷನ್ ಕೂಡ ಇಲ್ಲ. ನಡುವೆ ಲಿನಕ್ಸ್‌ನಲ್ಲಿ ಫ್ರೀ ವರ್ಷನ್ ಹಾಕಿ ನೋಡಿದೆ. ಅಲ್ಲಿ ಎಚ್.264 ಫೈಲ್ ತೆರೆಯುವುದೇ ಇಲ್ಲ. ಗೆಳೆಯನ ಎಂ1 ಮ್ಯಾಕ್‌ಬುಕ್ ಏರ್ ತಂದು ಇದೇ ಫೈಲ್ ಓಡಿಸಿದೆ. ಪ್ಲೇಬ್ಯಾಕ್ ಚೆನ್ನಾಗಿತ್ತು, ಆಪಲ್ ಚಿಪ್‌ನ ಮೀಡಿಯಾ ಎಂಜಿನ್ 4:2:2 ಬಿಚ್ಚುತ್ತದೆ. ಆದರೆ 8 ಜಿಬಿ ರಾಮ್‌ನಲ್ಲಿ ಗ್ರೇಡಿಂಗ್ (ಬಣ್ಣ ತಿದ್ದುವ ಕೆಲಸ) ಶುರು ಮಾಡಿದ ಮೇಲೆ ಉಸಿರು ಬಿಟ್ಟಿತು. ಜಾಸ್ತಿ ರಾಮ್‌ನ ಮ್ಯಾಕ್ ಒಳ್ಳೆಯದೇ. ಎರಡು ಸೀಟಿಗೆ ಎರಡು ಮ್ಯಾಕ್ ಅಂದಾಗ ನನ್ನ ಲೆಕ್ಕ ತಪ್ಪಿತು, ಅಷ್ಟೇ.

ಇನ್ನು ಸ್ಟೋರೇಜ್. ಜಾಸ್ತಿ ದುಡ್ಡು ಹೋದದ್ದೂ ಇಲ್ಲೇ, ಜಾಸ್ತಿ ಪೆಟ್ಟು ತಿಂದದ್ದೂ ಇಲ್ಲೇ. ಮೊದಲು ಅಗ್ಗದ ದೊಡ್ಡ ಎಸ್‌ಎಸ್‌ಡಿ ಟ್ರೈ ಮಾಡಿದೆ. ಕ್ಯೂಎಲ್‌ಸಿ ಚಿಪ್‌ನದ್ದು. ಕಾಪಿ ಶುರುವಾಗುವಾಗ 450 ಎಂಬಿ ತೋರಿಸುತ್ತದೆ, ಖುಷಿಯಾಗುತ್ತದೆ. ಕ್ಯಾಶ್ ತುಂಬಿದ ಮೇಲೆ ಎಂಬತ್ತಕ್ಕೆ ಇಳಿಯುತ್ತದೆ. ಬೇಗ ಮುಗಿಯಬೇಕಾದ ಕಾಪಿ ಬೆಳಗಿನವರೆಗೆ ನಡೆಯಿತು. ಹಾರ್ಡ್ ಡಿಸ್ಕ್ ಇದಕ್ಕಿಂತ ಎಷ್ಟೋ ವಾಸಿ.

ಕೊನೆಗೆ ಹಳೆಯ ಐ7 ಯಂತ್ರವನ್ನೇ ಟ್ರೂನ್ಯಾಸ್ ಅನ್ನುವ ಸ್ಟೋರೇಜ್ ಸಾಫ್ಟ್‌ವೇರ್ ಹಾಕಿ ಸರ್ವರ್ ಮಾಡಿದೆ. 8 ಟಿಬಿಯ ನಾಲ್ಕು ಡಿಸ್ಕ್, ಒಂದು ಹೋದರೂ ಡೇಟಾ ಉಳಿಯುವ ಹಾಗೆ. ಡಿಸ್ಕಿಗೆ ಎಪ್ಪತ್ತು ಸಾವಿರದ ಮೇಲೆ ಹೋಯಿತು. ತಗೊಳ್ಳುವಾಗ ಸಿಎಂಆರ್ (ಬರೆಯುವ ಗೆರೆಗಳು ಒಂದರ ಮೇಲೊಂದು ಬೀಳದ ಡಿಸ್ಕ್) ಅಂತ ನೋಡಿ ತಗೊಳ್ಳಿ. ಎಸ್‌ಎಂಆರ್ ಡಿಸ್ಕ್ ಹಾಕಿದರೆ ಒಂದು ಡಿಸ್ಕ್ ಬದಲಾಯಿಸಿದ ದಿನ ಡೇಟಾ ಮತ್ತೆ ತುಂಬುವುದು ಮುಗಿಯದೆ ಅಳಬೇಕಾಗುತ್ತದೆ. ಮತ್ತೆ, ರೇಡ್ (ಹೀಗೆ ಡಿಸ್ಕ್‌ಗಳನ್ನು ಜೋಡಿಸುವುದು) ಇದೆ ಅಂತ ಬ್ಯಾಕಪ್ ಬಿಡಬೇಡಿ. ನಮ್ಮಲ್ಲಿ ಡೆಲಿವರಿ ಆದ ಕೆಲಸ ಬೇರೆ ಡಿಸ್ಕಿಗೆ ಹೋಗಿ ನನ್ನ ಮನೆಯ ಕಪಾಟಿನಲ್ಲಿ ಕೂರುತ್ತದೆ.

ವೈರ್ ಬಗ್ಗೆ ಹೇಳಲೇಬೇಕು. ಸಾಮಾನ್ಯ ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ. ನಮ್ಮ ಮೂರು ಕ್ಯಾಮೆರಾಕ್ಕೆ ಕಾಗದದ ಮೇಲೆ ಸಾಕು. ಆದರೆ ಇಬ್ಬರು ಕೂತು ಟೈಮ್‌ಲೈನ್ ಎಳೆದಾಡಿದರೆ ಎರಡೂ ಕಡೆ ನಿಂತು ನಿಂತು ಓಡುತ್ತದೆ. ಸರ್ವರ್‌ಗಳಿಂದ ತೆಗೆದ ಹಳೆಯ ಮೆಲನಾಕ್ಸ್ ಕನೆಕ್ಟ್‌ಎಕ್ಸ್-3 ನೆಟ್‌ವರ್ಕ್ ಕಾರ್ಡ್ ಸೆಕೆಂಡ್ ಹ್ಯಾಂಡ್‌ನಲ್ಲಿ ಮೂರು ಸಾವಿರದ ಆಚೀಚೆ ಸಿಗುತ್ತದೆ. ಎರಡು ಕಾರ್ಡ್, ನಡುವೆ ನೇರ ಜೋಡಿಸುವ ಒಂದು ಡ್ಯಾಕ್ ಕೇಬಲ್, ಸ್ವಿಚ್ಚೇ ಬೇಡ. ಹತ್ತು ಗಿಗಾಬಿಟ್ ನೇರ ನನ್ನ ಯಂತ್ರಕ್ಕೆ. ಎರಡನೇ ಎಡಿಟರ್‌ಗೆ 2.5 ಗಿಗಾಬಿಟ್. ಡಿಸ್ಕ್‌ನಿಂದ ನಾನೂರು ಚಿಲ್ಲರೆ ಎಂಬಿ ಬರುತ್ತದೆ. ರಿಸಾಲ್ವ್‌ನ ಕ್ಯಾಶ್ ಮಾತ್ರ ಆಯಾ ಯಂತ್ರದ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲೇ ಇಡಬೇಕು. ಪ್ರಾಜೆಕ್ಟ್ ಸರ್ವರ್ ಹಾಕಿದ ಮೇಲೆ ಒಬ್ಬರು ಕಟ್ ಮಾಡುವಾಗ ಇನ್ನೊಬ್ಬರು ಅದೇ ಪ್ರಾಜೆಕ್ಟ್‌ನಲ್ಲಿ ಗ್ರೇಡ್ ಮಾಡುತ್ತಾರೆ. ಉಡುಪಿಯ ಸಣ್ಣ ರೂಮಿನಲ್ಲಿ ಇದು ನಡೆಯುತ್ತಿದೆ ಅಂತ ಕೇಳಿ ಮಂಗಳೂರಿನ ದೊಡ್ಡ ಸ್ಟುಡಿಯೊದವರೂ ಬಂದು ನೋಡಿ ಹೋಗಿದ್ದಾರೆ.

ನಮ್ಮ ಕರಾವಳಿಯಲ್ಲಿ ಅರ್ಥಿಂಗ್ ಮರೆತರೆ ಉಳಿದದ್ದೆಲ್ಲ ದಂಡ. ಹೊಸ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು, ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು. ಎಲೆಕ್ಟ್ರೀಷಿಯನ್ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಹಿಡಿದರೆ ಹದಿನೆಂಟು ವೋಲ್ಟ್ ತೋರಿಸಿತು. ಎರಡು ಮೂರರ ಒಳಗೆ ಇರಬೇಕಾದದ್ದು. ಕಟ್ಟಡ ನಿಂತದ್ದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ) ಮೇಲೆ. ಬೇಸಿಗೆಯಲ್ಲಿ ಅದು ಒಣಗಿ ಅರ್ಥ್ ಹಿಡಿಯುವುದಿಲ್ಲ. ಹಿಂದಿನ ತೋಟದ ತಂಪು ಜಾಗದಲ್ಲಿ ಆಳ ಗುಂಡಿ ತೋಡಿ, ತೇವ ಹಿಡಿಯುವ ಬೆಂಟೊನೈಟ್ ಮಣ್ಣು ತುಂಬಿಸಿ ಹೊಸ ಅರ್ಥ್ ಹಾಕಿಸಿದೆ. ಹನ್ನೆರಡು ಸಾವಿರ ಆಯಿತು. ಸದ್ದು ಅದೇ ದಿನ ಹೋಯಿತು. ಆಮೇಲೆ ಆನ್‌ಲೈನ್ ಯುಪಿಎಸ್, ಬ್ಯಾಟರಿ ಸೇರಿ ಮೂವತ್ತು ಸಾವಿರ. ಅದು ಕರೆಂಟ್ ಹೋಗುವ ಕ್ಷಣದಲ್ಲೂ ಕಡಿಯುವುದಿಲ್ಲ. ಏಪ್ರಿಲ್‌ನ ಸಿಡಿಲಿಗೆ ಮಾತ್ರ ಪ್ಲಗ್ ಕೀಳುವುದೇ ಮದ್ದು, ಇಂಟರ್ನೆಟ್ ವೈರ್ ಸಮೇತ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ಯಂತ್ರಗಳನ್ನು ದಿನಾ ಒಂದೆರಡು ಗಂಟೆ ಆನ್ ಇಡುತ್ತೇನೆ. ಮಳೆ ಜೋರಿರುವ ಆಟಿ ತಿಂಗಳು ಪೂರ್ತಿ ಮುಚ್ಚಿಟ್ಟ ಕಂಪ್ಯೂಟರ್ ಮುಂದಿನ ಸೋಣ ತಿಂಗಳಲ್ಲಿ ಆನ್ ಆಗದಿದ್ದರೆ ಮೊದಲು ರಾಮ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರ್‌ನಿಂದ ಉಜ್ಜಿ ನೋಡಿ.

ಆಟದ ಸಿಂಕ್ (ಎಲ್ಲ ಕ್ಯಾಮೆರಾ, ಧ್ವನಿ ಒಂದೇ ಸಮಯಕ್ಕೆ ಹೊಂದಿಸುವುದು) ಹೇಗೆ ಮಾಡುತ್ತೀರಿ ಅಂತ ಬಹಳ ಜನ ಕೇಳುತ್ತಾರೆ. ಚೆಂಡೆ ಒಂದೇ ಪೆಟ್ಟಿನಲ್ಲಿ ಓಡುವಾಗ ವೇವ್‌ಫಾರ್ಮ್ ಸಿಂಕ್ ತಪ್ಪು ಜಾಗ ಹಿಡಿಯುತ್ತದೆ, ಅದು ನಿಜ. ಭಾಗವತರ ಮಾತೋ ವೇಷಧಾರಿಯ ಮಾತೋ ಇರುವ ತುಂಡು ಆರಿಸಿಕೊಳ್ಳಿ, ಅಷ್ಟು ಹೇಳುತ್ತೇನೆ. ಎಂಟು ಗಂಟೆಯಲ್ಲಿ ರೆಕಾರ್ಡರ್ ಮತ್ತು ಕ್ಯಾಮೆರಾ ನಡುವೆ ಬರುವ ಕೆಲವು ಫ್ರೇಮ್‌ಗಳ ವ್ಯತ್ಯಾಸವನ್ನು ನಾನು ಹೇಗೆ ಸರಿ ಮಾಡುತ್ತೇನೆ, ಬಣ್ಣದ ವೇಷದ ಕೆಂಪಿಗೆ ಯಾವ ನೋಡ್ ಹಾಕುತ್ತೇನೆ ಅನ್ನುವುದು ನಮ್ಮ ಅನ್ನ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇವತ್ತು ಏನೂ ಇಲ್ಲದೆ ಹೊಸದಾಗಿ ಕಟ್ಟುವವರಿಗೆ ಇನ್ನೊಂದು ದಾರಿ ಇದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಲ್ಲಿ ಎನ್ವಿಡಿಯಾ ಕೊನೆಗೂ 4:2:2 ಡಿಕೋಡ್ ಕೊಟ್ಟಿದೆ, ಎಚ್.264ಗೂ ಎಚ್.265ಗೂ. 5060 ಟಿಐಯ 16 ಜಿಬಿ ಮಾಡೆಲ್ ತಗೊಂಡರೆ ಪ್ರೊಸೆಸರ್ ಯಾವುದಾದರೂ ನಡೆಯುತ್ತದೆ. 8 ಜಿಬಿಯದ್ದೂ ಅದೇ ಹೆಸರಿನಲ್ಲಿ ಮಾರುತ್ತಾರೆ, ಪೆಟ್ಟಿಗೆ ನೋಡಿ ತಗೊಳ್ಳಿ. ಬಿಲ್ ಮಾಡಿಸುವ ಮೊದಲು ನಿಮ್ಮ ಕ್ಯಾಮೆರಾದ ಒಂದು ಕ್ಲಿಪ್ಪನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಅಂಥ ಯಂತ್ರ ಇರುವವರ ಹತ್ತಿರ ಓಡಿಸಿ ನೋಡಿ. ನಮ್ಮಲ್ಲಿಗೆ ಬಂದರೂ ಆಗಬಹುದು, ಮಧ್ಯಾಹ್ನದ ಮೇಲೆ ಬನ್ನಿ.